ಟೊಮೆಟೊ ಯಾರ್ಡಿನ ಸಾಮರ್ಥ್ಯವನ್ನು ನಾನು ಲೆಕ್ಕ ಹಾಕಿದ್ದು ಹೀಗೆ

ಕೋಲಾರದ ಹತ್ತಿರ ಹೆದ್ದಾರಿ ಪಕ್ಕದ ಒಂದು ಟೊಮೆಟೊ ಲೋಡಿಂಗ್ ಯಾರ್ಡಿಗೆ ಎಷ್ಟು ಬಾಕ್ಸ್ ತಾಳಿಕೊಳ್ಳುವ ಶಕ್ತಿಯಿದೆ ಎಂದು ಲೆಕ್ಕ ಹಾಕಿಕೊಡುವ ಕೆಲಸ ನನಗೆ ಬಂತು. ನೆಲದ ಮೇಲೆ ಎಷ್ಟು ಹಿಡಿಯುತ್ತದೋ ಅದೇ ಸಾಮರ್ಥ್ಯ ಎಂದು ಅಲ್ಲಿಯವರು ನಂಬಿದ್ದರು. ನೆಲ ಹಿಡಿಯುವುದು ಬೇರೆ, ಅದರ ಮೇಲೆ ಹಾದುಹೋಗುವುದು ಬೇರೆ.

ಮೊದಲು ಗೇಟ್ ಪುಸ್ತಕ ಹಿಡಿದು ಕೂತೆ. ಗಾಡಿ ಒಳಬಂದ ಹೊತ್ತು, ಹೊರಹೋದ ಹೊತ್ತು, ಬಾಕ್ಸ್ ಎಷ್ಟು, ಇಷ್ಟಿದ್ದರೆ 1961ರಲ್ಲಿ ಅಮೆರಿಕದ ಸಂಶೋಧಕ ಜಾನ್ ಲಿಟಲ್ ಸಾಧಿಸಿ ತೋರಿಸಿದ ಸೂತ್ರ ಕೆಲಸ ಮಾಡುತ್ತದೆ: ಒಳಗಿರುವ ಸರಾಸರಿ ಸರಕು ಎಂದರೆ ಗಂಟೆಗೆ ಬರುವ ಸರಕು ಗುಣಿಸು ಅದು ಒಳಗೆ ನಿಲ್ಲುವ ಗಂಟೆ. ಉದಾಹರಣೆಗೆ, ನೆಲ 6,000 ಬಾಕ್ಸ್ ಹಿಡಿದು, ಪ್ರತಿ ಬಾಕ್ಸ್ 3 ಗಂಟೆ ನಿಂತರೆ ಗಂಟೆಗೆ 2,000 ಬಾಕ್ಸ್ ಸಾಗುತ್ತದೆ. ನಿಲ್ಲುವುದು 2 ಗಂಟೆಗೆ ಇಳಿದರೆ 3,000. ಬಾಕ್ಸಿಗೆ 15 ಕೆಜಿ ಹಿಡಿದರೆ 45 ಟನ್, ಅದೂ ಒಂದಡಿ ಶೆಡ್ ಕಟ್ಟದೆ!

ಇಳಿಸುವ ಬೇ, ಅಂದರೆ ರೈತರ ಗಾಡಿ ಬಂದು ನಿಂತು ಸರಕು ಇಳಿಸುವ ಜಾಗ, ಅದರ ಲೆಕ್ಕ ಇಷ್ಟು ಸಲೀಸಲ್ಲ. ಬ್ರಿಟಿಷ್ ಗಣಿತಜ್ಞ ಜಾನ್ ಕಿಂಗ್‌ಮನ್ ಅದೇ 1961ರಲ್ಲಿ ಕೊಟ್ಟ ಅಂದಾಜಿನಂತೆ, ಗಾಡಿ ಬರುವುದರಲ್ಲೂ ಇಳಿಸುವುದರಲ್ಲೂ ಏರುಪೇರು ಜಾಸ್ತಿಯಿದ್ದಷ್ಟೂ ಕಾಯುವ ಹೊತ್ತು ಬೆಳೆಯುತ್ತದೆ. ಎರಡರ ವ್ಯತ್ಯಾಸಾಂಕವೂ (ಏರುಪೇರು ಸರಾಸರಿಯ ಎಷ್ಟು ಪಟ್ಟು ಎನ್ನುವ ಅಳತೆ) 1 ಆಗಿರುವ ಒಂಟಿ ಬೇ 80% ಬಳಕೆಯಲ್ಲಿದ್ದರೆ, ಇಳಿಸುವ ಸಮಯದ 4 ಪಟ್ಟು ಕಾಯಬೇಕು. 90%ಗೆ 9 ಪಟ್ಟು, 95%ಗೆ 19 ಪಟ್ಟು. ಬೇಗಳು ಹಲವಿದ್ದರೆ ಕಾಯುವುದು ಕಡಿಮೆಯಾದರೂ, ಪೂರ್ತಿ ಬಳಕೆಯ ಹತ್ತಿರ ಹೋದಂತೆ ಅಲ್ಲೂ ಸಾಲು ಇದ್ದಕ್ಕಿದ್ದಂತೆ ಉದ್ದವಾಗುತ್ತದೆ. ಹಾಗಾಗಿ ಬೇಗಳಿಗೆ 80%ಗಿಂತ ಹೆಚ್ಚು ಹೊರೆ ಹಾಕದೆ ಲೆಕ್ಕ ಕಟ್ಟಿದೆ.

ಆದರೆ ಈ ಸೂತ್ರಗಳಿಗೆ ಗಾಡಿಗಳು ಒಂದೇ ಹದದಲ್ಲಿ ಬರುತ್ತಿರಬೇಕು. ಹರಾಜಿಗೆ ಮುಂಚೆ ಗಾಡಿಗಳೆಲ್ಲ ಒಟ್ಟಿಗೆ ನುಗ್ಗುತ್ತವೆ. ಆ ನೂಕುನುಗ್ಗಲಿಗೆ ಗ್ರಾಫ್ ಹಾಳೆಯೇ ಸರಿ. ಅಡ್ಡಕ್ಕೆ ಹೊತ್ತು ಗುರುತಿಸಿ, ಬಂದ ಗಾಡಿಗಳ ಒಟ್ಟು ಎಣಿಕೆಗೆ ಒಂದು ಗೆರೆ, ಖಾಲಿಯಾಗಿ ಹೋದವುಗಳಿಗೆ ಇನ್ನೊಂದು. ಎರಡರ ನಡುವಿನ ಲಂಬ ಅಂತರ ಸಾಲಿನ ಉದ್ದ, ಅಡ್ಡ ಅಂತರ ಕಾಯುವ ಹೊತ್ತು. ಇಡೀ ಕೆಲಸದಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಈ ಚಿತ್ರವೇ, ಹಮಾಲರಿಗೂ ನೋಡಿದ ಕೂಡಲೇ ಅರ್ಥವಾಗುತ್ತಿತ್ತು.

ಗೆರೆಗಳನ್ನು ನೋಡಿದಾಗ ತಡೆ ಗೇಟಿನಲ್ಲೂ ಇರಲಿಲ್ಲ, ಬೇಗಳಲ್ಲೂ ಇರಲಿಲ್ಲ. ಹೊರರಾಜ್ಯಕ್ಕೆ ಹೋಗುವ ಲಾರಿಗಳು ತಡವಾಗಿ ಬರುತ್ತಿದ್ದುದರಿಂದ ಹಣ್ಣು ನೆಲದ ಮೇಲೇ ಉಳಿಯುತ್ತಿತ್ತು. ಬಿಸಿಲೇರಿದಷ್ಟೂ ಹಣ್ಣು ಮೆತ್ತಗಾಗುತ್ತದೆ, ನಷ್ಟ ಕೊನೆಗೆ ಬೆಳೆದವನ ಮೇಲೆಯೇ ಬೀಳುತ್ತದೆ. ಅದಕ್ಕೇ ವರದಿಯಲ್ಲಿ ಒಂದೇ ಅಂಕಿ ಕೊಡಲಿಲ್ಲ. ರೈತನ ಗಾಡಿ ಅರ್ಧ ಗಂಟೆಗಿಂತ ಹೆಚ್ಚು ಕಾಯಬಾರದು ಎಂದರೆ ಎಷ್ಟು, ಒಂದು ಗಂಟೆ ಕಾಯಬಹುದು ಎಂದರೆ ಎಷ್ಟು ಎಂದು ಎರಡು ಸಾಮರ್ಥ್ಯ ಬರೆದೆ. ಹೊಸ ಶೆಡ್‌ಗಿಂತ ಮೊದಲು, ಹೊರಹೋಗುವ ಲಾರಿಗಳನ್ನು ಹಿಂದಿನ ರಾತ್ರಿಯೇ ತಂದು ನಿಲ್ಲಿಸಲು ಜಾಗ ಮಾಡಿ ಎಂದೆ.