ಕ್ಯಾನ್ಸಲ್ ಮಾಡಬೇಕೋ, ತಾರೀಕು ಬದಲಿಸಬೇಕೋ: ನಾನು ಹಾಕುವ ಲೆಕ್ಕ

ಬಸವನಗುಡಿಯಲ್ಲಿ ನಮ್ಮದೊಂದು ಸಣ್ಣ ಟ್ರಾವೆಲ್ಸ್ ಇದೆ. ಹೊಸ ಟಿಕೆಟ್ ಬೇಕು ಅಂತ ಬರುವವರಷ್ಟೇ ಜನ, ಇರೋ ವಿಮಾನದ ಟಿಕೆಟ್ ಏನು ಮಾಡೋದು ಅಂತಲೂ ಬರುತ್ತಾರೆ. ಯಾರೇ ಬರಲಿ, ನಾನು ಮೊದಲು ಹೇಳುವುದು ಒಂದೇ: "ದರದ ವಿವರ ಇರೋ ಪುಟ ತೆಗೀರಿ." ಒಟ್ಟು ಮೊತ್ತ ನೋಡಿದರೆ ಏನೂ ತಿಳಿಯುವುದಿಲ್ಲ.

ಆ ಪುಟದಲ್ಲಿ ಮೂಲ ದರ ಇರುತ್ತದೆ, ಜೊತೆಗೆ ಇಂಧನದ ಸರ್‌ಚಾರ್ಜ್. ವೈಕ್ಯೂ (YQ) ಅಂತ ಬರೆದಿರುವುದು ಸರ್‌ಚಾರ್ಜೇ. ಟ್ಯಾಕ್ಸ್ ಸಾಲಿನಲ್ಲಿ ಕಂಡರೂ ಆ ದುಡ್ಡು ವಿಮಾನ ಕಂಪನಿಯದು. ಆಮೇಲೆ ಏರ್‌ಪೋರ್ಟಿನ ಯುಡಿಎಫ್ (ಬಳಕೆದಾರರ ಅಭಿವೃದ್ಧಿ ಶುಲ್ಕ), ಭದ್ರತಾ ಶುಲ್ಕ, ಜಿಎಸ್‌ಟಿ. ಕೊನೆಗೆ ಬುಕಿಂಗ್‌ಗೆ ಹಾಕುವ ಕನ್ವೀನಿಯನ್ಸ್ ಫೀ, ಅದು ಸಾಮಾನ್ಯವಾಗಿ ವಾಪಸ್ ಬರುವುದಿಲ್ಲ.

ವಿಮಾನಯಾನದ ನಿಯಂತ್ರಣ ಸಂಸ್ಥೆ ಡಿಜಿಸಿಎ ನಿಯಮದ ಪ್ರಕಾರ ಕ್ಯಾನ್ಸಲೇಷನ್ ಶುಲ್ಕ ಎಷ್ಟೇ ಇರಲಿ, ಮೂಲ ದರ ಮತ್ತು ಇಂಧನ ಸರ್‌ಚಾರ್ಜ್ ಸೇರಿದ ಮೊತ್ತ ದಾಟುವಂತಿಲ್ಲ. 'ನಾನ್ ರೀಫಂಡಬಲ್' ಆಫರ್ ಟಿಕೆಟ್ ಆದರೂ ಯುಡಿಎಫ್, ಭದ್ರತಾ ಶುಲ್ಕದಂಥ ಏರ್‌ಪೋರ್ಟ್ ಶುಲ್ಕ ವಾಪಸ್ ಕೊಡಲೇಬೇಕು. ವಿಮಾನ ತಪ್ಪಿಸಿಕೊಂಡವರಿಗೂ ಅಷ್ಟೇ. ಇದು ಎಷ್ಟೋ ಜನರಿಗೆ ಗೊತ್ತೇ ಇಲ್ಲ, ನನಗೆ ಬೇಜಾರಾಗುವುದು ಅದಕ್ಕೇ. ಹೆಬ್ಬಾಳದ ಟ್ರಾಫಿಕ್‌ನಲ್ಲಿ ಸಿಕ್ಕಿಹಾಕಿಕೊಂಡು ವಿಮಾನ ತಪ್ಪಿಸಿಕೊಂಡ ಹಿರಿಯರೊಬ್ಬರು "ಹೋಯ್ತು ಬಿಡಮ್ಮ, ದುಡ್ಡು ನೀರುಪಾಲು" ಅಂತ ಟಿಕೆಟ್ ಹರಿಯಲು ಹೊರಟಿದ್ದರು. "ಸ್ವಲ್ಪ ತಡೀರಿ ಅಂಕಲ್, ಪಿಎನ್‌ಆರ್ ಹೇಳಿ" ಅಂದೆ. ಕಂಪನಿಯ ಸೈಟಿನಲ್ಲಿ ನೋ-ಶೋ (ವಿಮಾನ ಹತ್ತದವರ) ಟ್ಯಾಕ್ಸ್ ರೀಫಂಡ್ ಫಾರ್ಮ್ ಹುಡುಕಿ ತುಂಬಿ ಕಳಿಸಿದೆವು. ಅವರ ಯುಡಿಎಫ್ ಮತ್ತು ಭದ್ರತಾ ಶುಲ್ಕ ಖಾತೆಗೆ ಬಂತು. ಕೇಳದಿದ್ದರೆ ಬರುತ್ತಿರಲಿಲ್ಲ.

ಇನ್ನು ಮುಖ್ಯ ಪ್ರಶ್ನೆ, ಬದಲಿಸುವುದೋ ಕ್ಯಾನ್ಸಲೋ? ತಾರೀಕು ಬದಲಿಸಿದರೆ ಬರೀ ಶುಲ್ಕ ಕಟ್ಟಿದರೆ ಸಾಲದು, ಹೊಸ ದಿನದ ದರದ ವ್ಯತ್ಯಾಸವನ್ನೂ ಕಟ್ಟಬೇಕು. ಹೊಸ ದರ ಕಡಿಮೆ ಇದ್ದರೆ ಆ ವ್ಯತ್ಯಾಸ ಸಾಮಾನ್ಯವಾಗಿ ಕೈಗೆ ಬರುವುದಿಲ್ಲ. ಉದಾಹರಣೆಗೆ ನಿಮ್ಮ ಟಿಕೆಟ್ ₹4,500 ಅಂದುಕೊಳ್ಳಿ. ಮೂಲ ದರ ಮತ್ತು ಸರ್‌ಚಾರ್ಜ್ ₹3,400, ಅದರ ಮೇಲೆ 5% ಜಿಎಸ್‌ಟಿ ₹170, ಏರ್‌ಪೋರ್ಟ್ ಶುಲ್ಕ ₹930. ಹೊಸ ದಿನದ ದರ ₹7,200, ಬದಲಾವಣೆ ಶುಲ್ಕ ₹2,800. ಬದಲಿಸಿದರೆ ದರದ ವ್ಯತ್ಯಾಸ ₹2,700 ಸೇರಿ ಇನ್ನೂ ₹5,500 ಕಟ್ಟಬೇಕು. ಕ್ಯಾನ್ಸಲ್ ಮಾಡಿದರೆ ₹3,400 ಪೂರ್ತಿ ಹೋಯಿತು ಅನ್ನಿ. ಆ ಶುಲ್ಕಕ್ಕೂ ಜಿಎಸ್‌ಟಿ ಬೀಳುವುದರಿಂದ ₹170 ಕೂಡ ಹೋಯಿತು. ಆದರೆ ₹930 ವಾಪಸ್. ಅದೇ ದಿನ ಬೇರೆ ಕಂಪನಿಯಲ್ಲಿ ₹5,900ಕ್ಕೆ ಸೀಟು ಸಿಕ್ಕರೆ ಕೈಯಿಂದ ಹೋಗುವುದು ₹4,970. ಇಲ್ಲಿ ಕ್ಯಾನ್ಸಲ್ ಮಾಡುವುದೇ ಲಾಭ. ಹಬ್ಬದ ಸಮಯದಲ್ಲಿ ಎಲ್ಲ ಕಡೆ ದರ ಏರಿದ್ದಾಗ ಈ ಲೆಕ್ಕ ತಿರುಗಿಬಿಡಬಹುದು. ಅದಕ್ಕೇ ಪ್ರತಿ ಸಲ ಎರಡನ್ನೂ ಪಕ್ಕಪಕ್ಕ ಬರೆದು ನೋಡುತ್ತೇನೆ.

ಶುಲ್ಕ ತಲೆಗೆ ಇಷ್ಟು, ಸೆಕ್ಟರ್‌ಗೆ (ಒಂದೊಂದು ಹಾರಾಟಕ್ಕೆ) ಇಷ್ಟು ಅಂತ ಬೀಳುತ್ತದೆ ಅನ್ನುವುದು ನೆನಪಿರಲಿ. ನಾಲ್ಕು ಜನರ ಒಂದೇ ಪಿಎನ್‌ಆರ್‌ನಲ್ಲಿ ಒಬ್ಬರು ಮಾತ್ರ ಹೋಗುತ್ತಿಲ್ಲ ಅಂದರೆ ಎಲ್ಲರದ್ದೂ ಕ್ಯಾನ್ಸಲ್ ಮಾಡಬೇಡಿ, ಪಿಎನ್‌ಆರ್ ಬೇರೆ ಮಾಡಿಕೊಡಿ ಅಂತ ಕೇಳಿ. ಕೊನೆ ದಿನಗಳಲ್ಲಿ ಶುಲ್ಕ ಏರುವುದು ಸಾಮಾನ್ಯ, ಹಾಗಾಗಿ ಹೋಗಲ್ಲ ಅಂತ ಗೊತ್ತಾದ ದಿನವೇ ಕ್ಯಾನ್ಸಲ್ ಮಾಡಿ.

ಕಂಪನಿಯೇ ವಿಮಾನ ರದ್ದು ಮಾಡಿದರೆ ವಿಷಯವೇ ಬೇರೆ. ಆಗ ಬೇರೆ ವಿಮಾನ ಅಥವಾ ಪೂರ್ತಿ ಹಣ, ಆಯ್ಕೆ ನಿಮ್ಮದು. ಆರು ಗಂಟೆಗಿಂತ ಜಾಸ್ತಿ ತಡವಾಗುವುದಿದ್ದರೂ ಹಾಗೇ. ಇಂಥ ಹೊತ್ತಲ್ಲಿ ಸುಮ್ನೆ ಮಾಮೂಲಿ ಕ್ಯಾನ್ಸಲ್ ಬಟನ್ ಒತ್ತಬೇಡಿ. ಅದು ನೀವಾಗಿಯೇ ರದ್ದು ಮಾಡಿದ ಲೆಕ್ಕಕ್ಕೆ ಹೋಗಿ ಶುಲ್ಕ ಬೀಳಬಹುದು. ಅವರು ಕಳಿಸಿದ ಮೆಸೇಜಿನ ಲಿಂಕಿನಿಂದಲೇ ರೀಫಂಡ್ ಆರಿಸಿ. ಹಣದ ಬದಲು ಕ್ರೆಡಿಟ್ ಶೆಲ್ (ಮುಂದಿನ ಟಿಕೆಟ್‌ಗೆ ಬಳಸುವ ಜಮೆ) ಕೊಡುತ್ತೇವೆ ಅಂದರೆ ಒಪ್ಪುವುದು ಬಿಡುವುದು ನಿಮ್ಮಿಷ್ಟ.

ರೀಫಂಡ್ ತಡವಾದಾಗ ಏಜೆಂಟರು ಕಂಪನಿ ಕಡೆ, ಕಂಪನಿಯವರು ಏಜೆಂಟರ ಕಡೆ ಬೆರಳು ತೋರಿಸುತ್ತಾರೆ. ಏಜೆಂಟರ ಮೂಲಕ ಕೊಂಡಿದ್ದರೂ ಹೊಣೆ ವಿಮಾನ ಕಂಪನಿಯದೇ ಅಂತ ನಿಯಮದಲ್ಲೇ ಇದೆ. ಮೊದಲು ಕಂಪನಿಗೆ ಇಮೇಲ್ ಕಳಿಸಿ. ಉತ್ತರ ಸರಿಯಿಲ್ಲದಿದ್ದರೆ ವಿಮಾನಯಾನ ಸಚಿವಾಲಯದ ಏರ್‌ಸೇವಾ ಆ್ಯಪ್‌ನಲ್ಲಿ ದೂರು ಹಾಕಿ, ಇಲ್ಲವೇ ಗ್ರಾಹಕರ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಪಿಎನ್‌ಆರ್, ಕ್ಯಾನ್ಸಲ್ ಮಾಡಿದ ತಾರೀಕು, ದರದ ವಿವರದ ಸ್ಕ್ರೀನ್‌ಶಾಟ್ ಜೊತೆಗಿರಲಿ, ಬರಬೇಕಾದ ಮೊತ್ತವನ್ನು ರೂಪಾಯಿಗಳಲ್ಲೇ ಬರೆಯಿರಿ.