ಕಬ್ಬಿನ ತರಗು ತೋರಿಸಿಕೊಟ್ಟ ಜಾಗ

ನಾನು ಮಂಡ್ಯದ ಒಂದು ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಣದ ಮೇಷ್ಟ್ರು. ಬೆಳಗ್ಗೆ ಪ್ರಾರ್ಥನೆ ಮುಗಿದ ಮೇಲೆ "ರಸ್ತೆ ದಾಟುವಾಗ ಹುಷಾರು, ಎರಡೂ ಕಡೆ ನೋಡಿ" ಅಂತ ಎಷ್ಟೋ ವರ್ಷ ಹೇಳಿದ್ದೇನೆ. ನಮ್ಮ ಮಕ್ಕಳು ಸುತ್ತಲಿನ ಹಳ್ಳಿಗಳಿಂದ ಬರುವವರು. ಕೆಲವರು ನಡೆದು ಬರುತ್ತಾರೆ, ಕೆಲವರು ಸೈಕಲ್ ತುಳಿಯುತ್ತಾರೆ. 2006-07ರಲ್ಲಿ ಎಂಟನೇ ತರಗತಿಯವರಿಗೆ ಸರ್ಕಾರ ಸೈಕಲ್ ಕೊಡಲು ಶುರು ಮಾಡಿತಲ್ಲ, ಅಂಥ ಸೈಕಲ್ಲುಗಳು ಅಣ್ಣನಿಂದ ತಂಗಿಗೆ ಬಂದು ಇವತ್ತಿಗೂ ನಮ್ಮ ಅಂಗಳದಲ್ಲಿ ನಿಲ್ಲುತ್ತವೆ.

ಒಂದು ಸಂಜೆ ಶಾಲೆ ಬಿಟ್ಟ ಮೇಲೆ ನಮ್ಮ ಎಂಟನೇ ತರಗತಿ ಹುಡುಗಿಯೊಬ್ಬಳಿಗೆ ರಸ್ತೆ ಮೂಲೆಯಲ್ಲಿ ಬೈಕ್ ಗುದ್ದಿತು. ಕೈ ಮುರಿಯಿತು. ನೋಡಲು ಹೋದಾಗ ಅವಳು ಮೊದಲು ಹೇಳಿದ್ದು ಒಂದೇ ಮಾತು: "ಎರಡೂ ಕಡೆ ನೋಡಿದ್ದೆ ಸಾರ್." ನಾನು ಹೇಳಿಕೊಟ್ಟಂತೆಯೇ ಮಾಡಿದ್ದಳು. ಆ ಮಾತು ಇನ್ನೂ ನನ್ನ ಕಿವಿಯಲ್ಲಿದೆ. ಮಾರನೇ ದಿನದಿಂದ ನಾನು ಮಕ್ಕಳನ್ನು ಎಚ್ಚರಿಸುವುದು ಬಿಟ್ಟು ಆ ಮೂಲೆಯನ್ನು ನೋಡಲು ಶುರು ಮಾಡಿದೆ.

ಮೊದಲು ಎಲ್ಲರೂ ಕೇಳುವುದನ್ನೇ ನಾನೂ ಕೇಳಿದೆ, ಹಂಪ್ ಹಾಕಿಸಿ ಅಂತ. ಒಂದೇ ರಾತ್ರಿಯಲ್ಲಿ ಹಾಕಿ ಹೋದರು. ಕಿರಿದಾದ, ಕಡಿದಾದ ದಿಣ್ಣೆ. ಬಣ್ಣ ಇಲ್ಲ, ಮುಂಚೆ ಒಂದು ಬೋರ್ಡೂ ಇಲ್ಲ. ಮಳೆನೀರು ಹೋಗಲಿ ಅಂತ ಎರಡೂ ಅಂಚಿನಲ್ಲಿ ಸಂದು ಬಿಟ್ಟಿದ್ದರು. ಬೈಕಿನವರೆಲ್ಲ ಹಂಪ್ ತಪ್ಪಿಸಲು ಆ ಸಂದಿಗೇ ನುಗ್ಗತೊಡಗಿದರು. ನಮ್ಮ ಮಕ್ಕಳು ನಡೆಯುವುದು ಸರಿಯಾಗಿ ಅಲ್ಲೇ! ಇದ್ದ ಅಪಾಯವನ್ನು ನಾನೇ ಅವರ ಕಾಲಬುಡಕ್ಕೆ ತಂದಿಟ್ಟಂತಾಯಿತು. ಆಮೇಲೆ ಓದಿ ತಿಳಿದುಕೊಂಡೆ. ರಸ್ತೆಗಳ ಅಳತೆ ಹೇಗಿರಬೇಕು ಅಂತ ಹೇಳುವ ಸಂಸ್ಥೆ ಇಂಡಿಯನ್ ರೋಡ್ಸ್ ಕಾಂಗ್ರೆಸ್. ಅದು ಹೇಳುವ ಹಂಪ್ 10 ಸೆಂಟಿಮೀಟರ್ ಎತ್ತರ, ಗಾಡಿ ಸಾಗುವ ದಿಕ್ಕಿನಲ್ಲಿ 3.7 ಮೀಟರ್ ಅಗಲ. ಅಂದರೆ ಮಲಗಿದ ಎತ್ತಿನ ಬೆನ್ನಿನ ಹಾಗೆ ನಿಧಾನವಾಗಿ ಏರಿ ಇಳಿಯಬೇಕು. 25 ಕಿ.ಮೀ. ವೇಗದಲ್ಲಿ ಹೋದರೆ ಯಾರಿಗೂ ಸೊಂಟ ನೋಯದು, ಜೋರಾಗಿ ಹೋದವರಿಗೆ ಮಾತ್ರ ತಿಳಿಯುತ್ತದೆ. ನಮ್ಮ ಊರುಗಳಲ್ಲಿ ಕಾಣುವ ಹಂಪುಗಳಲ್ಲಿ ಇಂಥವು ಎಷ್ಟಿವೆ ಅಂತ ನೀವೇ ಒಂದು ಟೇಪ್ ಹಿಡಿದು ಅಳೆದು ನೋಡಿ.

ಅಳತೆಯ ರುಚಿ ಹತ್ತಿದ್ದು ಹೀಗೆ. ನನ್ನ ಹತ್ತಿರ ಸ್ಟಾಪ್‌ವಾಚ್ ಇತ್ತು, ಓಟದ ಸ್ಪರ್ಧೆಗೆ ಬಳಸುವುದು. ಒಂಬತ್ತನೇ ತರಗತಿಯ ನಾಲ್ಕು ಮಕ್ಕಳ ಜೊತೆ ರಸ್ತೆ ಪಕ್ಕದಲ್ಲಿ 50 ಮೀಟರ್ ಅಳೆದು ಎರಡು ಕಡೆ ಸುಣ್ಣದ ಗೆರೆ ಹಾಕಿದೆವು. ಕಾಂಪೌಂಡಿನ ಒಳಗೇ ನಿಂತು ಒಬ್ಬ ಕೈ ಎತ್ತುವುದು, ಇನ್ನೊಬ್ಬ ಗಡಿಯಾರ ಒತ್ತುವುದು. ಲೆಕ್ಕ ಸುಲಭ. 6 ಸೆಕೆಂಡ್ ಆದರೆ ಗಂಟೆಗೆ 30 ಕಿ.ಮೀ., 4 ಸೆಕೆಂಡ್ ಆದರೆ 45. ಬೈಕುಗಳಲ್ಲಿ ಜಾಸ್ತಿ ಪಾಲು ನಾಲ್ಕರ ಆಸುಪಾಸಿನಲ್ಲೇ ಹೋಗುತ್ತಿದ್ದವು. 50 ಕಿ.ಮೀ. ವೇಗದ ಗಾಡಿ ಒಂದು ಸೆಕೆಂಡಿಗೆ 14 ಮೀಟರ್ ಸಾಗುತ್ತದೆ. ಸವಾರ ಮಗುವನ್ನು ಕಂಡು ಬ್ರೇಕ್ ಒತ್ತುವ ಮೊದಲೇ ಅಷ್ಟು ದೂರ ಮುಗಿದಿರುತ್ತದೆ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತ 1,68,491 ಜನರಲ್ಲಿ 32,825 ಮಂದಿ ನಡೆದು ಹೋಗುತ್ತಿದ್ದವರು. ಆ ಸಂಖ್ಯೆಯನ್ನು ಬೋರ್ಡಿನ ಮೇಲೆ ಬರೆದಾಗ ಮಕ್ಕಳು ಸುಮ್ಮನೆ ಕೂತುಬಿಟ್ಟರು.

ಊರಿನ ಪರಿಸ್ಥಿತಿಯೂ ಬದಲಾಗಿತ್ತು. 2023ರ ಮಾರ್ಚ್‌ನಲ್ಲಿ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾಗಿ, ದೂರದ ಕಾರು ಲಾರಿಗಳು ಬೈಪಾಸ್ ಹಿಡಿದವು. ಅದೇ ವರ್ಷ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರುಗಳಿಗೆ ಅದರ ಮುಖ್ಯ ದಾರಿಯಲ್ಲಿ ಪ್ರವೇಶ ಇಲ್ಲ ಅಂದರು. ಅವೆಲ್ಲ ನಮ್ಮ ಜೊತೆಗೇ ಉಳಿದವು. ರಸ್ತೆ ಖಾಲಿಯಾದರೆ ಒಳ್ಳೆಯದು ಅಂದುಕೊಂಡಿದ್ದೆ. ಆದರೆ ಖಾಲಿ ರಸ್ತೆ ಕಂಡರೆ ಆಕ್ಸಿಲರೇಟರ್ ತಿರುವುವವರೇ ಜಾಸ್ತಿ.

ಇನ್ನು ಆ ಮೂಲೆಯ ವಿಷಯ. ಕಬ್ಬು ಅರೆಯುವ ಹಂಗಾಮಿನಲ್ಲಿ ಟ್ರ್ಯಾಕ್ಟರುಗಳು ಅಲ್ಲೇ ತಿರುಗುತ್ತವೆ. ಹೋಗುತ್ತಾ ಹೋಗುತ್ತಾ ತರಗು ಉದುರುತ್ತದೆ. ಒಂದು ಬೆಳಗ್ಗೆ ಗಮನಿಸಿದೆ. ರಸ್ತೆ ನಡುವೆ ಬಿದ್ದ ತರಗೆಲ್ಲ ಚಕ್ರಕ್ಕೆ ಸಿಕ್ಕಿ ಪುಡಿಯಾಗಿ ಹಾರಿಹೋಗಿದೆ, ಮೂಲೆಯಲ್ಲಿ ಮಾತ್ರ ತ್ರಿಕೋನದ ಆಕಾರದಲ್ಲಿ ದಪ್ಪಗೆ, ಒಂದೂ ಮುರಿಯದೆ ಬಿದ್ದಿದೆ. ಕೈಯಲ್ಲಿ ಎತ್ತಿದರೆ ಇಬ್ಬನಿಯ ತೇವ ಇನ್ನೂ ಇತ್ತು. ಜೋಡಿ ಟ್ರೈಲರ್ ಎಳೆಯುವ ಟ್ರ್ಯಾಕ್ಟರಿನ ಹಿಂದಿನ ಚಕ್ರಕ್ಕೂ ಆ ಜಾಗ ಬೇಕಿಲ್ಲ ಅಂತ ಆಯಿತಲ್ವಾ? ಅಷ್ಟು ಅಗಲ ಬಿಟ್ಟಿದ್ದರಿಂದಲೇ ಬೈಕಿನವರು ಬ್ರೇಕ್ ಮುಟ್ಟದೆ ತಿರುಗುತ್ತಿದ್ದರು. ಮಕ್ಕಳು ದಾಟಬೇಕಾದ ದೂರವೂ ಅಷ್ಟೇ ಜಾಸ್ತಿಯಾಗಿತ್ತು.

ಸಂಚಾರ ಪೊಲೀಸರಿಗೆ ಅರ್ಜಿ ಬರೆದೆ. ಹದಿನೈದು ದಿನದ ಪ್ರಯೋಗಕ್ಕೆ ಒಪ್ಪಿಗೆ ಸಿಕ್ಕಿತು. ಪಂಕ್ಚರ್ ಅಂಗಡಿಯವರು ಹಳೇ ಟೈರುಗಳನ್ನು ಸುಮ್ನೆ ಕೊಟ್ಟರು. ಸುಣ್ಣ ಬಳಿದು, ಮಣ್ಣು ತುಂಬಿ, ತರಗು ಬಿದ್ದಿದ್ದ ಗೆರೆಯ ಮೇಲೇ ಸಾಲಾಗಿ ಇಟ್ಟೆವು. ರಾತ್ರಿ ಕಾಣಲಿ ಅಂತ ರಿಫ್ಲೆಕ್ಟರ್ ಟೇಪ್ ಸುತ್ತಿದೆವು. ಮೊದಲ ದಿನ ಟ್ರ್ಯಾಕ್ಟರ್ ಓಡಿಸುವ ಅಣ್ಣನೊಬ್ಬ ಗಾಡಿ ನಿಲ್ಲಿಸಿ ಕೇಳಿದ, "ಏನ್ ಮೇಷ್ಟ್ರೇ, ನಮ್ಮ ದಾರಿ ಮುಚ್ತೀರಾ?" ಕಬ್ಬಿನ ಲೋಡಿನ ಸಮೇತ ಒಂದು ಸಲ ತಿರುಗಿಸಿ ನೋಡು ಅಂದೆ. ತಿರುಗಿಸಿದ. ಟೈರಿಗೂ ಟ್ರೈಲರಿಗೂ ನಡುವೆ ಒಂದು ಮೊಳ ಉಳಿಯಿತು. ಆಮೇಲೆ ಬೇರೆ ಡ್ರೈವರುಗಳಿಗೆ ಅವನೇ ಹೇಳತೊಡಗಿದ.

ದಾಟುವ ದೂರ ನನ್ನ ಹೆಜ್ಜೆಯಲ್ಲಿ ಹದಿನಾಲ್ಕಿದ್ದದ್ದು ಒಂಬತ್ತಕ್ಕೆ ಇಳಿಯಿತು. ಬೈಕುಗಳು ಮೂಲೆಯಲ್ಲಿ ಗೇರ್ ಇಳಿಸುವ ಸದ್ದು ಕ್ಲಾಸಿನೊಳಗೆ ಕೇಳುತ್ತಿತ್ತು. ನನಗೆ ಅದಕ್ಕಿಂತ ಇಂಪಾದ ಸದ್ದು ಬೇರೆ ಇರಲಿಲ್ಲ.

ಅಲ್ಲಿ ಎಳನೀರು ಮಾರುವ ಅಜ್ಜಿಯ ಗಾಡಿಯನ್ನು ಎತ್ತಿಸಿ ಅಂತ ಕೆಲವರು ಹೇಳಿದರು. ನಾನು ಒಪ್ಪಲಿಲ್ಲ. ಬೀದಿ ವ್ಯಾಪಾರಿಗಳಿಗೆ 2014ರ ಕಾಯ್ದೆಯ ರಕ್ಷಣೆ ಇದೆ, ಅದಕ್ಕಿಂತ ಹೆಚ್ಚಾಗಿ ಅಲ್ಲಿ ಹಗಲಿಡೀ ಮಕ್ಕಳ ಮೇಲೆ ಕಣ್ಣಿಡುವವರು ಅವರೊಬ್ಬರೇ. ಟೈರುಗಳ ಹಿಂದೆ ಸಿಕ್ಕ ಹೊಸ ಜಾಗದ ತುದಿಗೆ ಗಾಡಿ ಸರಿಸಿದೆವು, ನಡೆಯಲು 1.8 ಮೀಟರ್ ಬಿಟ್ಟು. ಇಬ್ಬರು ಎದುರುಬದುರಾಗಿ ಆರಾಮಾಗಿ ನಡೆಯಲು ಅಷ್ಟು ಬೇಕೇ ಬೇಕು.

ಕತ್ತಲ ಹೊತ್ತಿನ ಸಮಸ್ಯೆಗೆ ಬೇರೆ ದಾರಿ ಹಿಡಿದೆವು. ಒಂದು ಶನಿವಾರ ಎಲ್ಲ ಸೈಕಲ್ಲುಗಳ ಹಿಂದಿನ ಮಡ್‌ಗಾರ್ಡಿಗೆ ಕೆಂಪು, ಮುಂದೆ ಬಿಳಿ, ಪೆಡಲಿಗೆ ಹಳದಿ ಟೇಪ್ ಅಂಟಿಸಿದೆವು. ಪೆಡಲಿನದೇ ಮುಖ್ಯ. ಮೇಲೆ ಕೆಳಗೆ ಆಡುವ ಹೊಳಪು ಕಂಡರೆ ಯಾರೋ ಸೈಕಲ್ ತುಳಿಯುತ್ತಿದ್ದಾರೆ ಅಂತ ದೂರದಿಂದಲೇ ಗೊತ್ತಾಗುತ್ತದೆ. ಉಳಿದ ಟೇಪನ್ನು ಕಬ್ಬಿನ ಟ್ರೈಲರುಗಳ ಹಿಂಭಾಗಕ್ಕೆ ಹಚ್ಚಿದೆವು, ಅದೇ ಟ್ರ್ಯಾಕ್ಟರ್ ಅಣ್ಣ ಒಂದೊಂದಾಗಿ ಕರೆತಂದ.

ಪ್ರಯೋಗ ಮುಗಿದ ಮೇಲೆ ಮಕ್ಕಳು ಬರೆದ ಲೆಕ್ಕದ ಪುಸ್ತಕ, ಫೋಟೋ ಎಲ್ಲ ಸೇರಿಸಿ ಕಚೇರಿಗೆ ಕೊಟ್ಟೆ. ಮೂರು ಸಲ ಅಲೆದೆ. ಕೊನೆಗೆ ಟೈರಿನ ಜಾಗಕ್ಕೆ ಕಲ್ಲಿನ ಅಂಚು ಬಂತು, ಹಳೇ ಹಂಪ್ ಒಡೆದು ರಸ್ತೆಯ ಪೂರ್ತಿ ಅಗಲಕ್ಕೆ ಹೊಸದು ಹಾಕಿದರು. ಕೈ ಮುರಿದುಕೊಂಡಿದ್ದ ಹುಡುಗಿ ಈಗ ಹತ್ತನೇ ತರಗತಿ. ಸ್ಟಾಪ್‌ವಾಚ್ ಅವಳ ಕೈಯಲ್ಲೇ ಇರುತ್ತದೆ. ಶಾಲೆಯ ಹಿಂದಿನ ಗೇಟಿನ ರಸ್ತೆಗೆ ಮೊನ್ನೆ ಸುಣ್ಣದ ಗೆರೆ ಹಾಕಿದ್ದೇವೆ, ಸೋಮವಾರದಿಂದ ಅಲ್ಲಿ ಎಣಿಕೆ.