ಹಾಸಿಗೆ ಹಿಡಿದವರಿಗೆ ಗಾದಿ ಮಾಡಿಸುವಾಗ ನಾನು ನೋಡುವುದು

ಹುಬ್ಬಳ್ಳಿ-ಧಾರವಾಡದ ಸುತ್ತಮುತ್ತ ಮನೆಮನೆಗೆ ಹೋಗಿ ಫಿಸಿಯೋಥೆರಪಿ ಮಾಡುವುದು ನನ್ನ ಕೆಲಸ. ಬೆನ್ನುಹುರಿಗೆ ಪೆಟ್ಟು ಬಿದ್ದ ಹುಡುಗರು, ಲಕ್ವ ಹೊಡೆದ ಹಿರಿಯರು, ಸೊಂಟದ ಎಲುಬು ಮುರಿದ ಅಜ್ಜಿಯರು. ಕೈಕಾಲು ಆಡಿಸುವ ಮೊದಲು ಮಗ್ಗುಲಿಗೆ ಹೊರಳಿಸಿ ಬೆನ್ನು ನೋಡುವುದು ರೂಢಿಯಾಗಿದೆ. ಮಲಗಿದಲ್ಲೇ ಒತ್ತಡ ಬಿದ್ದು ಆದ ಹುಣ್ಣು, ಎಷ್ಟು ಡ್ರೆಸ್ಸಿಂಗ್ ಮಾಡಿದರೂ, ಕೆಳಗಿನ ಹಾಸಿಗೆ ಬದಲಾಗದೆ ಮಾಯುವುದಿಲ್ಲ ಎಂದು ಕಂಡ ಮೇಲೆ ಗಾದಿ ಅಂಗಡಿಯ ಸಹವಾಸ ಶುರುವಾಯಿತು. ಆಸ್ಪತ್ರೆಗೆಂದೇ ತರಿಸುವ ಹಾಸಿಗೆಗಳ ಬೆಲೆ ಲಕ್ಷ ದಾಟುತ್ತದೆ. ನಾನು ಮಾಡಿಸುವುದು ಪೇಟೆಯಲ್ಲಿ ಸಿಗುವ ಫೋಮಿನಿಂದ, ಊರಿನ ಗಾದಿ ಹೊಲಿಯುವವರ ಕೈಯಲ್ಲೇ.

ಮೊದಲು ಸ್ವಲ್ಪ ಲೆಕ್ಕ. 1930ರಲ್ಲಿ ಲ್ಯಾಂಡಿಸ್ ಎಂಬ ವೈದ್ಯರು ಉಗುರಿನ ಬುಡದ ಸೂಕ್ಷ್ಮ ರಕ್ತನಾಳದಲ್ಲಿ ಅಳೆದ ಒತ್ತಡ ಸುಮಾರು 32 ಮಿ.ಮೀ. ಪಾದರಸ. ಅದನ್ನು ಮೀರಿ ಒತ್ತಿದರೆ ರಕ್ತ ಹರಿಯುವುದಿಲ್ಲ ಎಂದು ಎಲ್ಲರೂ ಅದನ್ನೇ ಗೆರೆಯಾಗಿ ಹಿಡಿದಿದ್ದಾರೆ. ಊಟ ಬಿಟ್ಟು ಸೊರಗಿದ ಮುದುಕರ ಚರ್ಮಕ್ಕೆ ಈ ಗೆರೆ ಒಪ್ಪುತ್ತದೆಂದು ನನಗನ್ನಿಸುವುದಿಲ್ಲ. ಆದರೂ ಲೆಕ್ಕಕ್ಕೊಂದು ಅಂಕಿ ಬೇಕಲ್ಲ. 32 ಮಿ.ಮೀ. ಅಂದರೆ ಒಂದು ಚದರ ಸೆಂಟಿಮೀಟರಿಗೆ ಸುಮಾರು 43 ಗ್ರಾಂ ಭಾರ. 60 ಕಿಲೋ ಮನುಷ್ಯನ ತೂಕ ಅಂಗಾತ ಮಲಗಿದಾಗ 4,500 ಚದರ ಸೆಂಟಿಮೀಟರಿನಷ್ಟು ಜಾಗದ ಮೇಲೆ ಸಮನಾಗಿ ಹರಡಿದರೆ ಸರಾಸರಿ ಒತ್ತಡ 10 ಮಿ.ಮೀ. ಆಸುಪಾಸು ಮಾತ್ರ. ಅಂದರೆ ಸರಾಸರಿಯಿಂದ ಯಾರಿಗೂ ತೊಂದರೆಯಿಲ್ಲ. ತೊಂದರೆ ಕೊಡುವುದು ಟೊಂಕದ ಕೆಳಗಿನ ಎಲುಬು, ಹಿಮ್ಮಡಿ, ಹೆಗಲ ಹಲಗೆ, ತಲೆಯ ಹಿಂಭಾಗ. ಬರೀ ಹಲಗೆ ಮಂಚದ ಮೇಲೆ ಈ ಜಾಗಗಳಲ್ಲಿ ಒತ್ತಡ 100 ದಾಟುವುದು ಮಾಮೂಲು. ಹಾಸಿಗೆ ಮಾಡಬೇಕಾದ್ದು ಇಷ್ಟೆ: ಎಲುಬು ಉಬ್ಬಿದ ಕಡೆ ಒಳಗೆ ಇಳಿಯಲು ಬಿಡಬೇಕು, ಹಾಗೆ ಇಳಿದಾಗ ಸುತ್ತಲಿನ ಮಾಂಸಲ ಭಾಗ ಭಾರ ಹೊರುವಂತಿರಬೇಕು.

'ಡಾಕ್ಟ್ರ, ಮೆತ್ತಗಿದ್ದಷ್ಟೂ ಚಲೋ ಅಲ್ಲೇನ್ರಿ?' ಎಂದು ಗಾದಿ ಅಂಗಡಿಯವರು ಕೇಳುತ್ತಾರೆ. ಅಲ್ಲ. ಬಹಳ ಮೆತ್ತಗಿದ್ದರೆ ಟೊಂಕ ತಳ ಮುಟ್ಟಿ ಮಂಚದ ಹಲಗೆಯ ಮೇಲೇ ಕೂರುತ್ತದೆ. ಪರೀಕ್ಷೆ ಸುಲಭ. ರೋಗಿ ಮಲಗಿರುವಾಗಲೇ ಟೊಂಕದ ನೇರಕ್ಕೆ ಹಾಸಿಗೆಯ ಅಡಿಯಲ್ಲಿ, ಅಂಗೈ ಮೇಲೆ ಮಾಡಿ ಕೈ ತೂರಿಸಬೇಕು. ಕೈಗೂ ಮೈಗೂ ನಡುವೆ ಒಂದು ಇಂಚಿಗಿಂತ ಕಡಿಮೆ ಫೋಮ್ ಉಳಿದಂತೆ ಅನಿಸಿದರೆ ಆ ಹಾಸಿಗೆ ಆ ತೂಕಕ್ಕೆ ಸಾಲದು.

ಫೋಮ್ ಕೊಳ್ಳುವಾಗ ತಕ್ಕಡಿ ಕೇಳಿ. 40 ಡೆನ್ಸಿಟಿ ಎಂದರೆ ಒಂದು ಘನ ಮೀಟರಿಗೆ 40 ಕಿಲೋ. 6 ಅಡಿ ಉದ್ದ, 3 ಅಡಿ ಅಗಲ, 4 ಇಂಚು ದಪ್ಪದ ತುಂಡು ಸುಮಾರು 6.8 ಕಿಲೋ ತೂಗಬೇಕು. ಐದೂವರೆ ಕಿಲೋಕ್ಕಿಂತ ಕಡಿಮೆ ಬಂದರೆ ಅದು 32 ಡೆನ್ಸಿಟಿಯ ಮಾಲು, ಬೇಗ ಕುಸಿಯುತ್ತದೆ. ಡೆನ್ಸಿಟಿಯೇ ಬೇರೆ, ಗಡಸುತನವೇ ಬೇರೆ ಎಂಬುದನ್ನು ಅಂಗಡಿಯವರಿಗೆ ಬಿಡಿಸಿ ಹೇಳಬೇಕಾಗುತ್ತದೆ. ಹೆಚ್ಚು ಡೆನ್ಸಿಟಿ ಇದ್ದೂ ಮೆದುವಾಗಿರುವ ಫೋಮ್ ಉಂಟು, ನನಗೆ ಮೇಲ್ಪದರಕ್ಕೆ ಬೇಕಾದದ್ದು ಅದೇ. ಅಡಿಗೆ 3 ಇಂಚು ಗಡಸು, ಮೇಲೆ 2 ಇಂಚು ಮೆದು. ಎರಡೂ ಬದಿಗೆ 3 ಇಂಚು ಅಗಲದ ಗಡಸು ಪಟ್ಟಿ. ಈ ಅಂಚು ಇಲ್ಲದಿದ್ದರೆ ಅಂಚಿನಲ್ಲಿ ಕೂರಿಸಿದ ರೋಗಿ ನೆಲಕ್ಕೆ ಜಾರುತ್ತಾರೆ, ಹೊರಳಿಸುವ ಸೊಸೆಗೆ ಮೊಣಕಾಲೂರಲು ಆಸರೆ ಸಿಗುವುದಿಲ್ಲ.

ಮೆಮೊರಿ ಫೋಮ್ ಕೇಳುವವರು ಬಹಳ. 1966ರಲ್ಲಿ ನಾಸಾಕ್ಕಾಗಿ ಶುರುವಾದ ವಸ್ತು ಎಂಬ ಹೆಸರೇ ಅದನ್ನು ಮಾರುತ್ತದೆ. ಮೈಬಿಸಿಗೆ ಮೆದುವಾಗಿ ಆಕಾರ ಹಿಡಿಯುವುದು ಅದರ ಗುಣ, ಬಿಸಿಯನ್ನು ಹಿಡಿದಿಡುವುದು ಅವಗುಣ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಬೆನ್ನು ಬೆವರಿ ಚರ್ಮ ನೆನೆಯುತ್ತದೆ, ನೆನೆದ ಚರ್ಮ ಬೇಗ ಕಿತ್ತು ಬರುತ್ತದೆ. ಮಡಿಕೇರಿಯ ಚಳಿಯಲ್ಲಾದರೆ ಅದೇ ಫೋಮ್ ಗಟ್ಟಿಯಾಗುತ್ತದೆ. ನಮ್ಮ ಕಡೆ ನಾನು ಅದನ್ನು ಹಾಕಿಸುವುದಿಲ್ಲ.

ಅದರ ಬದಲು ಮೇಲ್ಪದರವನ್ನು ಚೌಕಚೌಕವಾಗಿ ಸೀಳಿಸುತ್ತೇನೆ. ಹೆಗಲಿನಿಂದ ತೊಡೆಯವರೆಗಿನ ಭಾಗದಲ್ಲಿ ಎರಡೆರಡು ಇಂಚಿನ ಚೌಕ, ಒಂದೂವರೆ ಇಂಚು ಆಳ. ಒಂದು ಚೌಕ ಇಳಿದರೆ ಪಕ್ಕದ್ದನ್ನು ಎಳೆಯುವುದಿಲ್ಲ, ಮೈ ಜಾರಿದರೆ ಚೌಕವೇ ವಾಲಿ ಅದರೊಂದಿಗೆ ಸ್ವಲ್ಪ ಸರಿಯುತ್ತದೆ. ಈ ಜಾರುವಿಕೆಯೇ ಕಣ್ಣಿಗೆ ಕಾಣದ ಶತ್ರು. ಊಟ ಮಾಡಿಸಲು, ಟಿವಿ ತೋರಿಸಲು ತಲೆಕಡೆ ಎತ್ತರಿಸುತ್ತಾರೆ. ಚರ್ಮ ಹಾಸಿಗೆಗೆ ಅಂಟಿ ನಿಲ್ಲುತ್ತದೆ, ಒಳಗಿನ ಎಲುಬು ಕೆಳಕ್ಕೆ ಜಾರುತ್ತದೆ, ನಡುವಿನ ರಕ್ತನಾಳಗಳು ಜಗ್ಗಿ ಮುಚ್ಚಿಕೊಳ್ಳುತ್ತವೆ. ಊಟದ ಹೊತ್ತು ಬಿಟ್ಟು ಉಳಿದಂತೆ 30 ಡಿಗ್ರಿಗಿಂತ ಎತ್ತರ ಬೇಡ ಎಂದು ಹೇಳಿಯೇ ಬರುತ್ತೇನೆ.

ಹಾಸಿಗೆಗಳನ್ನು ಹೋಲಿಸಲು ದುಬಾರಿ ಸೆನ್ಸರ್ ಚಾಪೆ ನನ್ನ ಬಳಿ ಇಲ್ಲ. ಮಕ್ಕಳ ಬಿಪಿ ಪಟ್ಟಿಯೊಳಗಿನ ರಬ್ಬರ್ ಚೀಲಕ್ಕೆ ಪ್ರತಿ ಸಲವೂ ಅಷ್ಟೇ ಸ್ವಲ್ಪ ಗಾಳಿ ತುಂಬಿ, ಡಯಲಿಗೆ ಜೋಡಿಸಿ, ಮಲಗಿದವರ ಟೊಂಕದಡಿ ಇಡುತ್ತೇನೆ. ಅದು ತೋರಿಸುವ ಅಂಕಿ ನಿಜವಾದ ಒತ್ತಡವೆಂದು ಹೇಳಲಾಗದು. ಆದರೆ ಒಬ್ಬನೇ ಮನುಷ್ಯ, ಒಂದೇ ಜಾಗ, ಎರಡು ಹಾಸಿಗೆ ಎಂದಾಗ ಯಾವುದು ಮೇಲು ಎಂಬುದು ತಿಳಿಯುತ್ತದೆ. ಕವರಿನ ಮಹತ್ವ ನನಗೆ ಮನದಟ್ಟಾದದ್ದು ಹೀಗೆ. ಅದೇ ಫೋಮಿಗೆ ರೆಕ್ಸಿನ್ ಬಿಗಿಯಾಗಿ ಹೊದಿಸಿದರೆ ಮುಳ್ಳು ಮೇಲೇರುತ್ತದೆ. ರೆಕ್ಸಿನ್ ಹಿಗ್ಗುವುದಿಲ್ಲ, ಡೋಲಿನ ಚರ್ಮದಂತೆ ಸೆಟೆದು ಮೈಯನ್ನು ಒಳಗಿಳಿಯಲು ಬಿಡುವುದಿಲ್ಲ. ಫೋಮಿಗೆ ಖರ್ಚು ಮಾಡಿದ ದುಡ್ಡೆಲ್ಲ ಅಲ್ಲಿಗೆ ವ್ಯರ್ಥ. ಈಗ ನಾನು ಹಾಕಿಸುವುದು ಎರಡೂ ದಿಕ್ಕಿಗೆ ಹಿಗ್ಗುವ ಹೆಣಿಗೆ ಬಟ್ಟೆ, ಅದರ ಹಿಂಬದಿಗೆ ನೀರು ಇಳಿಯದ ತೆಳು ಲೇಪ. ಕೂಸುಗಳ ಡ್ರೈ ಶೀಟಿಗೆ ಬಳಸುವಂಥದ್ದು. ಹೊಲಿಗೆ ಮೇಲ್ಮೈಯಲ್ಲಿ ಎಲ್ಲೂ ಬರಬಾರದು, ಸೂಜಿ ತೂತಿನಿಂದಲೇ ಉಚ್ಚೆ ಒಳಗಿಳಿಯುತ್ತದೆ. ಜಿಪ್ ಬದಿಯಲ್ಲಿ, ತಳಕ್ಕೆ ಹತ್ತಿರ, ಮೇಲೊಂದು ಮಡಿಕೆಯ ಕೆಳಗೆ. ಇಷ್ಟೆಲ್ಲ ಮಾಡಿಸಿಕೊಟ್ಟ ಮೇಲೆ ಮನೆಯವರು ಅದರ ಮೇಲೆ ಒಂದು ರಬ್ಬರ್ ಶೀಟು, ನಾಲ್ಕು ಮಡಿಕೆ ಕೌದಿ, ಹಳೆ ಸೀರೆ ಹಾಸುತ್ತಾರೆ! ಒಂದೇ ಒಂದು ಸಡಿಲ ಕಾಟನ್ ಬಟ್ಟೆ, ಸುಕ್ಕಿಲ್ಲದೆ. ಕೌದಿ ಹೊದೆಯಲಿಕ್ಕೆ ಇರಲಿ.

ಹಿಮ್ಮಡಿಗೆ ಯಾವ ಫೋಮೂ ಸಾಲದು. ಮಾಂಸವೇ ಇಲ್ಲದ ಜಾಗ ಅದು. ಮೀನಖಂಡದ ಉದ್ದಕ್ಕೂ ದಿಂಬು ಕೊಟ್ಟು ಹಿಮ್ಮಡಿ ಗಾಳಿಯಲ್ಲಿ ತೇಲುವಂತೆ ಬಿಡಬೇಕು, ಮೊಣಕಾಲು ತುಸು ಮಡಿಸಿರಬೇಕು. ಟ್ಯೂಬಿನಂಥ ಗಾಳಿ ರಿಂಗ್ ಬೇಡ. ಅದು ಹುಣ್ಣಿನ ಸುತ್ತ ಒತ್ತಿ ನಡುವಿನ ಭಾಗಕ್ಕೇ ರಕ್ತ ಕಡಿಮೆ ಮಾಡುತ್ತದೆ.

ಮಂಚವನ್ನೂ ನೋಡಬೇಕು. ಹೊರಸಿನ ಮೇಲೆ, ಜೋತ ನವಾರಿನ ಮೇಲೆ ಎಂಥ ಗಾದಿ ಹಾಕಿದರೂ ಟೊಂಕವೇ ತಗ್ಗಿನಲ್ಲಿ ಕೂರುತ್ತದೆ, ಕೆಳಗೊಂದು ಪ್ಲೈವುಡ್ ಹಲಗೆ ಬೇಕು.

ಏರ್ ಬೆಡ್ ಬಗ್ಗೆ ಕೇಳುವವರಿಗೆ: ಪಂಪಿನಿಂದ ಒಂದು ಸಾಲು ಉಬ್ಬಿ ಇನ್ನೊಂದು ಸಾಲು ತಗ್ಗುವ ಹಾಸಿಗೆ ಒಳ್ಳೆಯದೇ, ಈಗಾಗಲೇ ಹುಣ್ಣಾದವರಿಗೆ ನಾನೂ ಹೇಳುತ್ತೇನೆ. ಹಳ್ಳಿಗಳಲ್ಲಿ ಕರೆಂಟ್ ಹೋದಾಗ ಗಾಳಿ ಇಳಿದು ರೋಗಿ ಹಲಗೆ ಮೇಲೆ ಬರುತ್ತಾರೆ, ಆದ್ದರಿಂದ ಅದರ ಕೆಳಗೆ ಫೋಮ್ ಗಾದಿ ಇರಲೇಬೇಕು. ಪಂಪಿಗೆ ಬೇಕಾದ ವಿದ್ಯುತ್ ಸಣ್ಣ ಬಲ್ಬಿನಷ್ಟು, ಮನೆಯಲ್ಲಿ ಇನ್ವರ್ಟರ್ ಇದ್ದರೆ ಅದಕ್ಕೇ ಜೋಡಿಸಿ. ಪೈಪು ಮಂಚದ ಕಾಲಿಗೆ ಸಿಕ್ಕಿ ಮಡಚಿಕೊಂಡಿದೆಯೇ ಎಂದು ದಿನಾ ನೋಡಿ.

ಹಾಸಿಗೆ ಯಾವುದಾದರೂ ಮಗ್ಗುಲು ಬದಲಿಸುವುದು ತಪ್ಪುವುದಿಲ್ಲ. ಕಡಿಮೆ ಒತ್ತಡವೂ ಬಹಳ ಹೊತ್ತು ನಿಂತರೆ ಅಂಗಾಂಶ ಸಾಯುತ್ತದೆ ಎಂದು ಕೋಸಿಯಾಕ್ ಎಂಬ ವೈದ್ಯರು 1959ರಲ್ಲೇ ನಾಯಿಗಳ ಮೇಲೆ ಪ್ರಯೋಗ ಮಾಡಿ ತೋರಿಸಿದ್ದರು. ಪೂರ್ತಿ ಪಕ್ಕಕ್ಕೆ ಹೊರಳಿಸಿದರೆ ಸೊಂಟದ ಪಕ್ಕದ ಎಲುಬಿನ ಮೇಲೆ ಭಾರ ಬೀಳುತ್ತದೆ, ಬೆನ್ನಿಗೆ ದಿಂಬು ಕೊಟ್ಟು 30 ಡಿಗ್ರಿ ವಾಲಿಸಿದರೆ ಸಾಕು. ಪ್ರತಿ ಸಲ ಹೊರಳಿಸಿದಾಗ ಚರ್ಮ ನೋಡಿ. ಕೆಂಪಾದ ಜಾಗ ಬೆರಳಿಂದ ಒತ್ತಿದಾಗ ಬೆಳ್ಳಗಾಗದಿದ್ದರೆ ಹುಣ್ಣು ಶುರುವಾಗಿದೆ. ನಮ್ಮ ಕಪ್ಪು ಮೈಬಣ್ಣದಲ್ಲಿ ಕೆಂಪು ಕಾಣುವುದೇ ಕಷ್ಟ, ಅಂಗೈಯ ಹಿಂಭಾಗದಿಂದ ಮುಟ್ಟಿ ಅಕ್ಕಪಕ್ಕದ ಚರ್ಮಕ್ಕಿಂತ ಬಿಸಿಯೋ, ಗಟ್ಟಿಯೋ ಎಂದು ನೋಡಬೇಕು. ಅಲ್ಲಿ ತಿಕ್ಕಬೇಡಿ, ಎಣ್ಣೆ ಹಚ್ಚಿ ಮಾಲೀಸು ಬೇಡವೇ ಬೇಡ.

ಫೋಮಿಗೂ ಆಯಸ್ಸಿದೆ. ಆಗಾಗ ರೋಗಿಯನ್ನು ಕುರ್ಚಿಗೆ ಕೂರಿಸಿದಾಗ ಕವರ್ ಬಿಚ್ಚಿ, ಗಾದಿಯ ಅಡ್ಡಕ್ಕೆ ಒಂದು ನೇರ ಕೋಲು ಇಟ್ಟು ನಡುವೆ ಎಷ್ಟು ತಗ್ಗಿದೆ ಎಂದು ಅಳೆಯುತ್ತೇನೆ. ತಗ್ಗು ಒಂದು ಇಂಚಿನ ಹತ್ತಿರ ಬಂದರೆ ಮೇಲ್ಪದರ ಮಾತ್ರ ಬದಲಿಸುವುದು. ಅದಕ್ಕಾಗಿಯೇ ಎರಡು ಪದರಗಳನ್ನು ಅಂಟು ಹಾಕಿ ಜೋಡಿಸಲು ಬಿಡುವುದಿಲ್ಲ.